ಉಸುಳಿಯಿಂದ ಹುಟ್ಟಿದ ಪವಾಡ

"ಫಾದರ್, ನಾನು ಹೆಸರುಕಾಳು ಬದಲಿ ಮಾಡೇನ್ರಿ."

ಹೋದ ತಿಂಗಳ ಒಂದು ಶನಿವಾರ ಸಂಜೆ ಪಾಪನಿವೇದನೆಗೆ ಮೊಣಕಾಲೂರಿದಾಗ ನನ್ನ ಬಾಯಿಂದ ಮೊದಲು ಹೊರಬಿದ್ದದ್ದು ಇದು. ಜಾಲರಿಯ ಆ ಕಡೆಯಿಂದ ಫಾದರ್ ಮೆಲ್ಲಗೆ ಕೇಳಿದರು.

"ಎಲ್ರೀ ಅಜ್ಜಾರ? ಅಂಗಡ್ಯಾಗೇನ್ರಿ?"

"ಅಲ್ರಿ ಫಾದರ್. ಕಪ್‌ನ್ಯಾಗ."

"ಯಾರ ಕಪ್‌ನ್ಯಾಗ?"

"ದೇವರ ಕಪ್‌ನ್ಯಾಗ್ರಿ."

ನಮ್ಮ ಫಾದರ್ ಚಿಕ್ಕ ವಯಸ್ಸಿನವರು, ಧಾರವಾಡದ ಕಡೆಯವರು. ಕುಡಿತ, ಜಗಳ, ಭಾನುವಾರದ ಪೂಜೆ ತಪ್ಪಿಸಿದ್ದು, ಅತ್ತೆಯನ್ನು ಬೈದದ್ದು ಇಂಥವನ್ನೆಲ್ಲ ಕೇಳಿ ಕೇಳಿ ಅವರ ಕಿವಿ ಪಳಗಿವೆ. ಹೆಸರುಕಾಳಿನ ಪಾಪ ಅವರಿಗೂ ಹೊಸದು. "ಸಾವಕಾಶ ಹೇಳ್ರಿ, ಪೂರಾ ಹೇಳ್ರಿ" ಎಂದರು. ಹೇಳಿದೆ. ಈಗ ನಿಮಗೂ ಹೇಳುತ್ತೇನೆ. (ಪಾಪನಿವೇದನೆಯಲ್ಲಿ ಕೇಳಿದ್ದನ್ನು ಫಾದರ್ ಸಾಯುವ ತನಕ ಬಾಯಿಬಿಡುವಂತಿಲ್ಲ. ಪಾಪ ಮಾಡಿದವನಿಗೆ ಆ ನಿರ್ಬಂಧವಿಲ್ಲ. ಅಂಕಣ ಬರೆಯುವವರಿಗೆ ಇದೊಂದು ದೊಡ್ಡ ಅನುಕೂಲ.)

ನಾನು ಈ ವಯಸ್ಸಿನಲ್ಲಿ ವಿಜ್ಞಾನದ ಮಾಸ್ತರನಾದದ್ದೇ ಇಷ್ಟಕ್ಕೆಲ್ಲ ಮೂಲ.

ನನ್ನ ಮೊಮ್ಮಗಳು ಅಗ್ನೆಸ್, ಮನೆಯಲ್ಲಿ ಅಗ್ಗಿ, ನಾಲ್ಕನೆಯ ತರಗತಿ. ಆಕೆಗೆ ಕಾಮಣಿಯಾಯಿತು. ಕಣ್ಣೆಲ್ಲ ಅರಿಸಿನ. ಡಾಕ್ಟರು ಶಾಲೆ ಬಿಡಿಸಿ ಮನೆಯಲ್ಲೇ ಇರಿಸಲು ಹೇಳಿದರು. ನನ್ನ ಮಗ ರೈಲ್ವೆಯವನು, ಗಾಡಿಯ ಜೊತೆ ಹೋದರೆ ಗಾಡಿಯ ಜೊತೆಗೇ ಬರಬೇಕು. ಸೊಸೆ ಸುನೀತಾ ನರ್ಸು. ಆಕೆ ಮನೆಯಲ್ಲೇ ಒಂದು ಶಾಲೆ ತೆರೆದು ಕೆಲಸ ಹಂಚಿದಳು. ಗಣಿತ, ಇಂಗ್ಲಿಷ್ ತನಗೆ. ಕನ್ನಡ ಮಗನಿಗೆ, ಊರಲ್ಲಿದ್ದಾಗ. ಉಳಿದದ್ದು ವಿಜ್ಞಾನ. ಉಳಿದವನು ನಾನು.

"ಮಾವಾರ, ನೀವು ಮೆಟ್ರಿಕ್ ಆದಾವ್ರು. ವಿಜ್ಞಾನ ನಿಮಗ."

ಮೆಟ್ರಿಕ್ ಆದದ್ದು ಖರೆ. ವಿಜ್ಞಾನದಲ್ಲಿ ಮೂವತ್ತಾರು ಅಂಕ. ಮೂವತ್ತೈದಕ್ಕೆ ಪಾಸು. ಆ ಹೆಚ್ಚಿನ ಒಂದು ಅಂಕದ ಭರವಸೆಯ ಮೇಲೆ ಒಪ್ಪಿಕೊಂಡೆ.

ಸೊಸೆ ಒಂದು ಕರಾರನ್ನೂ ಹಾಕಿದಳು. "ಪ್ರಾರ್ಥನಿ ಮಾಡಿ ಪಾಠಾ ಸುರು ಮಾಡ್ರಿ. ವಿಜ್ಞಾನ ಕಲ್ತು ಹುಡುಗಿ ದೇವರ್ನ ಮರೀಬಾರದು. ದೇವರ ಹೆಸರು ಹೇಳಿ ವಿಜ್ಞಾನಾನೂ ತಪ್ಪಸಬಾರದು."

ಎರಡನೆಯ ಮಾತು ನನಗೇ ಎಂದು ಆಗ ತಿಳಿಯಲಿಲ್ಲ.

ಮೊದಲ ದಿನ ಶಿಲುಬೆಯ ಗುರುತು ಹಾಕಿಕೊಂಡು ಕೂತೆವು. ಅಗ್ಗಿ ಕೇಳಿದಳು. "ಅಜ್ಜಾ, ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣೀರು ಯಾಕ ಬರ್ತಾವು?"

"ದೇವರು ಹಂಗ ಮಾಡ್ಯಾನವಾ."

"ಹಲ್ಲಿ ಗ್ವಾಡಿ ಮ್ಯಾಗಿಂದ ಯಾಕ ಬೀಳೂದಿಲ್ಲ?"

"ದೇವರು ಹಂಗ ಮಾಡ್ಯಾನ."

"ಮತ್ತ ನನಗ ಕಾಮಣಿ?"

ಇಲ್ಲಿ ನಾನು ತಡವರಿಸಿದೆ. ಆ ಹುಡುಗಿ ಹಾಸಿಗೆಯಲ್ಲಿ ನೆಟ್ಟಗೆ ಕೂತು, ಹಳದಿ ಕಣ್ಣುಗಳಿಂದ ನನ್ನನ್ನೇ ನೋಡಿ ಹೇಳಿದಳು. "ದೇವರು ಮಾಡ್ಯಾನಂತ ನನಗ ಗೊತ್ತೈತಿ ಅಜ್ಜಾ. ಧರ್ಮೋಪದೇಶದಾಗ ಸಿಸ್ಟರ್ ಹೇಳ್ಯಾರ. ಹೆಂಗ ಮಾಡಿದಾ ಅಂತ ಕೇಳಾಕತ್ತೇನಿ."

ಹೆಂಗ ಮಾಡಿದ? ಇಷ್ಟು ವರ್ಷ ಪೂಜೆಗೆ ಹೋದವನು ನಾನು ದೇವರನ್ನು ಈ ಪ್ರಶ್ನೆ ಒಮ್ಮೆಯೂ ಕೇಳಿರಲಿಲ್ಲ. ನೀವು ಕೇಳಿದ್ದೀರಾ?

ನನಗೆ ಬರುತ್ತಿದ್ದ ಪಾಠ ಒಂದೇ ಒಂದು, ಕನ್ನಡಿಯದು. ಗದಗಿನ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿ ತಲೆ ಹಣ್ಣಾದವನು ನಾನು. (ಈ ಪತ್ರಿಕೆಯಲ್ಲಿ ಬರೆಯುವ ಧೈರ್ಯ ಬಂದದ್ದೂ ಹಾಗೆಯೇ. ಬೇರೆಯವರ ಬರಹವನ್ನು ಅಷ್ಟು ವರ್ಷ ಒಂದೊಂದೇ ಅಕ್ಷರವಾಗಿ ಎತ್ತಿ ಇಟ್ಟರೆ, ಇದನ್ನು ನಾನೂ ಬರೆಯಬಹುದಲ್ಲ ಎನಿಸಿಬಿಡುತ್ತದೆ.) ಪೆಟ್ಟಿಗೆಯಲ್ಲಿದ್ದ ನಾಲ್ಕು ಹಳೆಯ ಸೀಸದ ಮೊಳೆ ತೆಗೆದು, ಅಕ್ಷರ ತಿರುವುಮುರುವು ಇರುವುದನ್ನು ತೋರಿಸಿ, ಕನ್ನಡಿಯಲ್ಲಿ ಹಿಡಿದು ನೇರ ಮಾಡಿದೆ. ಅಗ್ಗಿ ಬಾಯಿ ತೆರೆದು ನೋಡಿದಳು. ಸೀಸ ಮುಟ್ಟಿಸಿದ್ದಕ್ಕೆ ಸೊಸೆ ನನ್ನನ್ನು ಬೈದು ಆಕೆಯ ಕೈಯನ್ನು ಸೋಪಿನಿಂದ ತೊಳೆಸಿದಳು. ಅದೂ ಒಂದು ಪಾಠವಾಯಿತು. ಅಲ್ಲಿಗೆ ನನ್ನ ವಿಜ್ಞಾನ ಮುಗಿಯಿತು.

ಇನ್ನು ನಮ್ಮಾಕಿಯ ಕಥೆ. ನನ್ನ ಹೆಂಡತಿ, ಹೆಸರು ಫಿಲೋಮಿನಾ. ಓಣಿಗೆಲ್ಲ ಫಿಲೋಮವ್ವ, ಅಗ್ಗಿಗೆ ಆಯಿ.

ನಮ್ಮಾಕಿಗೆ ಎರಡೂ ಕಣ್ಣಿನಲ್ಲಿ ಪೊರೆ. ಅಕ್ಕಿಯಲ್ಲಿ ಹರಳು ಉಳಿಯುತ್ತಿದ್ದವು. ಮಗನಿಗೆ ಬಡಿಸಿದ ಸಾರು ತಾಟಿನ ಪಕ್ಕಕ್ಕೆ ಬೀಳುತ್ತಿತ್ತು. ಡಾಕ್ಟರು ಬಲಗಣ್ಣಿನ ಆಪರೇಷನ್ನಿಗೆ ಗುರುವಾರ ಕೊಟ್ಟಿದ್ದರು. ಜೊತೆಗೆ ಒಂದು ಮಾತು. ಕಣ್ಣು ಕೆಂಪಾಗಿವೆ, ಅದು ಮೊದಲು ಇಳಿಯಬೇಕು. "ಏನರೆ ಹಾಕ್ಕೋತೀರೇನಮ್ಮಾ?"

"ಏನಿಲ್ರಿ ಸಾಹೇಬರ" ಎಂದಳು ನಮ್ಮಾಕಿ.

ಹಾಕಿಕೊಳ್ಳುತ್ತಿದ್ದಳು. ತೀರ್ಥ. ಫಾದರ್ ಮಂತ್ರಿಸಿ ಕೊಟ್ಟ ನೀರು. ದಿನಾ ಬೆಳಗ್ಗೆ, ಸಂಜೆ, ಅಂಗೈಯಲ್ಲಿ ಹಾಕಿಕೊಂಡು ಕಣ್ಣು ತೊಳೆಯುವುದು. "ಉರೀತೈತೇನ?" ಎಂದರೆ, "ಉರೀತೈತಿ. ಅಂದ್ರ ಕೆಲಸಾ ಮಾಡಾಕತ್ತೈತಿ" ಎನ್ನುವಳು. ಆಪರೇಷನ್ ಎಂದರೆ ಆಕೆಗೆ ವಿಪರೀತ ಅಂಜಿಕೆ. ಲಕ್ಷ್ಮೇಶ್ವರದ ತಂಗಿ ಫೋನಿನಲ್ಲಿ, "ಕಣ್ಣು ಬಿಟ್ಟಿದ್ದಾಂಗs ಕೊಯ್ತಾರಕ್ಕಾ" ಎಂದು ಹೇಳಿ ಪುಣ್ಯ ಕಟ್ಟಿಕೊಂಡಿದ್ದಳು.

ಇಂಥ ಮನೆಯಲ್ಲಿ ಬಂತು ನಮ್ಮ ಪಾಠ: ಬೀಜ ಮೊಳೆಯುವುದು.

ಚಹಾದ ಕಾಗದದ ಕಪ್‌ನಲ್ಲಿ ಹತ್ತಿ, ಹತ್ತಿಯ ಮೇಲೆ ಹೆಸರುಕಾಳು, ಮೇಲೆ ಒಂದಿಷ್ಟು ನೀರು. ಸುಲಭದ ಪ್ರಯೋಗ, ತಪ್ಪಲು ಜಾಗವೇ ಇಲ್ಲ. ನಾನು ಜಂಬದಿಂದ ಜೋಡಿಸುತ್ತಿದ್ದಾಗ ನಮ್ಮಾಕಿ ಬಂದು ಕೂತಳು.

"ಯಾ ನೀರು ಹಾಕಾಕತ್ತೀರಿ?"

"ನಳದ ನೀರು."

"ತೀರ್ಥ ಹಾಕ್ರಿ. ಇನ್ನೂ ಛಲೋ ಬರ್ತಾವು."

ಅಗ್ಗಿಯ ಕಣ್ಣು ಮಿಂಚಿದವು. "ಎರಡು ಕಪ್ ಮಾಡೂಣಲ್ಲ ಅಜ್ಜಾ! ಒಂದಕ್ಕ ನಳದ ನೀರು, ಒಂದಕ್ಕ ಆಯಿ ತೀರ್ಥ. ಯಾವುದು ಮೊದಲ ಮೊಳಕಿ ಬರ್ತೈತಿ ನೋಡೂಣು."

"ನೋಡೂಣು!" ಎಂದಳು ಆಯಿ, ಕುಸ್ತಿಯ ಕಣಕ್ಕಿಳಿದವಳ ಹಾಗೆ. "ನಂದs ಗೆಲ್ತೈತಿ. ನೋಡು ಮತ್ತ."

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇಡ ಎನ್ನುತ್ತಿದ್ದಿರಿ. ದೇವರನ್ನು ಪರೀಕ್ಷೆಗೆ ಕೂರಿಸಬಾರದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ನಳದ ನೀರಿಗೂ ತೀರ್ಥಕ್ಕೂ ಕಾಳು ಒಂದೇ ಥರ ಮೊಳೆಯುತ್ತವೆ, ಇಬ್ಬರೂ ಗೆದ್ದರು ಅಂದರಾಯಿತು ಎಂದು ಲೆಕ್ಕ ಹಾಕಿದ್ದೆ. ಮೂವತ್ತಾರು ಅಂಕದವನ ಲೆಕ್ಕ.

ಎರಡು ದಿನ ಕಳೆದು ಬೆಳಗ್ಗೆ ಕಿಟಕಿಯ ಹತ್ತಿರ ಹೋಗಿ ನೋಡುತ್ತೇನೆ. ನಳದ ಕಪ್‌ನಲ್ಲಿ ಒಂದೊಂದು ಕಾಳೂ ಬಿಳಿ ಬಾಲ ಬಿಟ್ಟುಕೊಂಡು ಕುಣಿಯುತ್ತಿದೆ. ತೀರ್ಥದ ಕಪ್‌ನಲ್ಲಿ ಒಂದೂ ಇಲ್ಲ. ಕಾಳು ಊದಿಕೊಂಡು, ಬಾಯಿ ಮುಚ್ಚಿಕೊಂಡು, ಸಾಯಂಕಾಲದ ಪ್ರಾರ್ಥನೆಗೆ ಕೂತವರ ಹಾಗೆ ಸುಮ್ಮನೆ ಕೂತಿವೆ.

ಅಷ್ಟರಲ್ಲಿ ನಮ್ಮಾಕಿ ಗೋಡೆ ಹಿಡಿದುಕೊಂಡು ಬಂದಳು. ಕಪ್ ಕೈಗೆ ತೆಗೆದುಕೊಂಡು, ಮೂಗಿನ ತನಕ ತಂದು, ಕಣ್ಣು ಕಿರಿದು ಮಾಡಿ ನೋಡಿದಳು. ಏನೂ ಕಾಣಲಿಲ್ಲ. ಕಪ್ಪನ್ನು ನನ್ನ ಕಡೆ ಚಾಚಿ ಕೇಳಿದಳು.

"ನನ್ನವು ಹೆಂಗ ಬಂದಾವ್ರಿ?"

ಆ ಮುಖ ನೋಡಿ ನಾನು ಏನು ಹೇಳಬೇಕಿತ್ತು?

"ಇನ್ನೂ ಅರ್ಧಾ ತಾಸು ಬಿಡು" ಎಂದೆ. "ಬರಾಕತ್ತಾವು."

ಆಕೆ ಅಗ್ಗಿಯನ್ನು ಎಬ್ಬಿಸಲು ಹೋದಳು. ನಾನು ಅಡುಗೆಮನೆಗೆ ಹೋದೆ. ಅಲ್ಲಿ ಗೂಟಕ್ಕೆ ಒದ್ದೆ ಬಟ್ಟೆಯ ಗಂಟು ನೇತಾಡುತ್ತಿತ್ತು. ಮಧ್ಯಾಹ್ನದ ಉಸುಳಿಗೆ ನಮ್ಮಾಕಿಯೇ ಕಟ್ಟಿಟ್ಟ ಮೊಳಕೆ ಹೆಸರುಕಾಳು. ಗಂಟು ಬಿಚ್ಚಿದೆ. ಒಂದು ಹಿಡಿ ತೆಗೆದೆ. ಉದ್ದ ಉದ್ದ ಮೊಳಕೆ, ಮುತ್ತಿನಂಥವು. ಸತ್ತ ಕಾಳು ಕಿಟಕಿಯಿಂದ ಹೊರಗೆ, ಜೀವಂತ ಕಾಳು ಕಪ್‌ನೊಳಗೆ. ಅಷ್ಟೇ. ಒಂದು ಪವಾಡಕ್ಕೆ ಬೇಕಾದ ಸಾಮಾನೆಲ್ಲ ನಮ್ಮ ಅಡುಗೆಮನೆಯಲ್ಲೇ ಇತ್ತು.

ಯಾಕೆ ಮಾಡಿದೆ? ಅಗ್ಗಿಯ ನಂಬಿಕೆ ಉಳಿಯಲಿ ಎಂದು. ನಮ್ಮಾಕಿಯ ಮನಸ್ಸು ನೋಯದಿರಲಿ ಎಂದು. ದೇವರ ಮರ್ಯಾದೆ ಕಾಯಬೇಕು ಎಂದು. (ಮನೆಯಲ್ಲಿ ಆ ದಿನ ಮಧ್ಯಾಹ್ನದ ಊಟ ಶಾಂತವಾಗಿ ಆಗಲಿ ಎಂದೂ. ಪಾಪನಿವೇದನೆ ಮಾಡಿದ ಮೇಲೆ ಇದನ್ನೂ ಬರೆಯಬೇಕು.)

ಅಗ್ಗಿ ಬಂದಳು. ಎರಡೂ ಕಪ್ ನೋಡಿದಳು. "ಯಪ್ಪಾ! ಆಯಿ, ನಿನ್ನವು ಇಷ್ಟುದ್ದ ಬಂದಾವು!" ಎಂದು ಕಿರುಚಿದಳು.

ನಮ್ಮಾಕಿ ಶಿಲುಬೆಯ ಗುರುತು ಹಾಕಿಕೊಂಡಳು. ಕಣ್ಣಲ್ಲಿ ನೀರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಬಹಳ ಸಮಾಧಾನದಿಂದ ಹೇಳಿದಳು.

"ಸುನೀತಾಗ ಹೇಳ್ರಿ, ಡಾಕ್ಟರಿಗೆ ಫೋನ್ ಮಾಡಂತ. ಗುರುವಾರದ್ದು ಬ್ಯಾಡ."

"ಅಂದ್ರ?"

"ಬೀಜದಾಗಿನ ಜೀವಕ್ಕ ಆದದ್ದು ಕಣ್ಣಿಗೆ ಆಗೂದಿಲ್ಲೇನು? ಇನ್ನೂ ಎರಡು ತಿಂಗಳು ಹಾಕ್ಕೋತೀನಿ. ಪೊರಿ ತಾನs ಕಳಚತೈತಿ."

ಈಗ ಹೇಳಿ, ಈ ಮಾತಿಗೆ ನನ್ನ ಹತ್ತಿರ ಯಾವ ಉತ್ತರವಿತ್ತು?

ಒಂದೇ ಒಂದು. ಖರೆ ಹೇಳುವುದು. ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. "ಬೀಜ ಬ್ಯಾರೆ, ಕಣ್ಣು ಬ್ಯಾರೆ" ಎಂದೆ. "ನಂಬಿಕಿ ಇಲ್ಲದಾವ್ರು" ಎಂದಳು. ಸೊಸೆ ಡ್ಯೂಟಿ ಮುಗಿಸಿ ಬಂದು ತಲೆ ತಲೆ ಬಡಿದುಕೊಂಡಳು. "ಅತ್ತಿಯಾರ, ಪೊರಿ ಬಲಿತೈತಿ, ತಡಾ ಮಾಡಬಾರದು ಅಂತ ಡಾಕ್ಟರ್ ಹೇಳ್ಯಾರಲ್ರಿ!" ಅತ್ತೆ ಕಪ್ ತೋರಿಸಿದಳು. ಸೊಸೆ ನನ್ನ ಕಡೆ ತಿರುಗಿದಳು. "ಮಾವಾರ, ನೀವರೆ ಹೇಳ್ರಿ. ನೀವs ವಿಜ್ಞಾನದ ಮಾಸ್ತರ್."

ನಾನು ಉಸುಳಿ ಅಗಿಯುತ್ತಿದ್ದೆ. ಬಾಯಲ್ಲಿ ಸಾಕ್ಷಿ ಇಟ್ಟುಕೊಂಡು ಮಾತಾಡುವುದು ಹೇಗೆ?

"ಇವತ್ತು ಉಸುಳಿ ಯಾಕೋ ಕಡಿಮಿ ಆಗೇತಿ" ಎಂದಳು ನಮ್ಮಾಕಿ.

ಅಲ್ಲಿಗೆ ಮುಗಿಯಿತೆಂದುಕೊಂಡಿರಾ? ಮರುದಿನ ನೋಡಿದರೆ ಪವಾಡದ ಕಾಳು ಬಾಡಿವೆ. ಬಾಲ ಕಂದು ಬಣ್ಣಕ್ಕೆ ತಿರುಗಿ ಸೊಟ್ಟಗಾಗಿದೆ. ಯಾಕೆಂದು ನನಗೆ ತಿಳಿಯಲಿಲ್ಲ. ಮತ್ತೆ ಗಂಟಿನಿಂದ ಒಂದು ಹಿಡಿ. ಅದರ ಮರುದಿನ ಮತ್ತೊಂದು ಹಿಡಿ. ದೇವರು ಪವಾಡ ಮಾಡಿದರೆ ಒಂದೇ ಸಲ ಮಾಡಿ ಕೈ ತೊಳೆದುಕೊಳ್ಳುತ್ತಾನೆ. ಮನುಷ್ಯ ಮಾಡಿದ ಪವಾಡಕ್ಕೆ ದಿನಾ ಮೇಂಟೆನೆನ್ಸ್. ನಮ್ಮ ಮನೆಯಲ್ಲಿ ದಿನಾ ಉಸುಳಿಗೆ ಕಾಳು ಕಟ್ಟುವ ಹಾಗೆ ನಾನೇ ಹಟ ಹಿಡಿದೆ. "ಏನ್ರಿ, ಹಲ್ಲಿಲ್ಲದ ಬಾಯಿಗೆ ದಿನಾ ಉಸುಳಿ ಬೇಕಾಗೇತಿ?" ಎಂದಳು ನಮ್ಮಾಕಿ. "ಪ್ರೋಟೀನ್" ಎಂದೆ. ವಿಜ್ಞಾನದ ಮಾಸ್ತರನಾದ ಮೇಲೆ ಸುಳ್ಳಿಗೂ ಒಳ್ಳೆಯ ಶಬ್ದಗಳು ಸಿಗುತ್ತವೆ.

ಸುದ್ದಿ ಗೋಡೆ ದಾಟಿತು. ಪಕ್ಕದ ಮನೆಯ ಈರಣ್ಣ ಬಂದ. ಕುರ್ತಕೋಟಿಯಲ್ಲಿ ಅವನ ಹೊಲ, ಬೆಟಗೇರಿಯಲ್ಲಿ ಮನೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಕೈಯಲ್ಲಿ ಇಪ್ಪತ್ತು ಲೀಟರಿನ ಕ್ಯಾನು.

"ಪೀಟ್ರಣ್ಣಾರ, ಮೆಣಸಿನಕಾಯಿ ಅಗಿ ಹಾಕೇನ್ರಿ, ಸಸಿ ಏಳಬೇಕು. ನಿಮ್ಮ ಚರ್ಚಿನ ನೀರು ಒಂದ ಕ್ಯಾನ್ ಕೊಡಸ್ರಿ."

"ಈರಣ್ಣ, ನೀ ಲಿಂಗಾ ಕಟ್ಟಿದಾಂವ, ನಮ್ಮ ಫಾದರ್ ನೀರು ನಿನಗ್ಯಾಕೋ?"

"ನನಗಲ್ರಿ, ಮೆಣಸಿನಕಾಯಿಗೆ. ಅದಕ್ಕೇನು ಜಾತಿ? ಸುಮ್ನ ಕೊಡಸ್ರಿ. ಬ್ಯಾಸಗಿಗೆ ಖಾರಾ ಕುಟ್ಟೂವಾಗ ಒಂದ ಚೀಲ ಮೆಣಸಿನಕಾಯಿ ನಿಮಗs."

ನಾಳೆ ಬಾ ಎಂದೆ. ನಾಳೆಯೂ ಬಂದ. ಕ್ಯಾನು ಈ ಸಲ ಎರಡು.

ಇಷ್ಟೆಲ್ಲದರ ನಡುವೆ ನನ್ನನ್ನು ಹಣ್ಣು ಮಾಡಿದ್ದು ಕ್ಯಾನಲ್ಲ. ನಮ್ಮಾಕಿ ಬೆಳಗಿನ ಹೊತ್ತು ಕಿಟಕಿಯ ಹತ್ತಿರ ನಿಂತು, ಆ ನೀರನ್ನು ಅಂಗೈಗೆ ಹಾಕಿಕೊಂಡು, ಕಣ್ಣು ಉರಿಯುತ್ತಿದ್ದರೂ ಹಲ್ಲು ಕಚ್ಚಿ ತೊಳೆಯುತ್ತಿದ್ದಳು. ಮೊದಲು ಎರಡು ಸಲ. ನನ್ನ ಪವಾಡದ ನಂತರ ನಾಲ್ಕು ಸಲ. ಕಣ್ಣು ಕೆಂಡದ ಹಾಗೆ. ಆಸ್ಪತ್ರೆಯಿಂದ ಫೋನ್ ಬಂತು. ಗುರುವಾರ ಬರುವುದಾದರೆ ಮಂಗಳವಾರದೊಳಗೆ ಹೇಳಬೇಕು, ಇಲ್ಲದಿದ್ದರೆ ಆ ಜಾಗ ಬೇರೆಯವರಿಗೆ ಎಂದರು. ಅವತ್ತು ಶನಿವಾರ.

ಸಂಜೆ ಚರ್ಚಿಗೆ ಹೋದೆ.

ಪೂರಾ ಕೇಳಿದ ಫಾದರ್ ಜಾಲರಿಯ ಹಿಂದೆ ಮೊದಲು ಕೆಮ್ಮಿದರು. ಆ ಕೆಮ್ಮು ನಗು ಎಂದು ಆಮೇಲೆ ತಿಳಿಯಿತು. ನನ್ನ ಹಿಂದೆ ಸಾಲಿನಲ್ಲಿದ್ದವರು ಕತ್ತು ಚಾಚಿ ನೋಡಿದರು. (ಇಂಥ ಪಾಪ ಯಾವುದಪ್ಪಾ, ಫಾದರಿಗೇ ನಗು ಬರುವಂಥದ್ದು?)

"ಅಜ್ಜಾರ, ಆ ನೀರಿನಾಗ ಉಪ್ಪೈತಿ ಅಂತ ನಿಮಗ ಗೊತ್ತಿಲ್ಲೇನ್ರಿ?"

"ಉಪ್ಪ?"

"ಹಳೇ ಪದ್ಧತಿ. ನೀರು ಮಂತ್ರಿಸುವಾಗ ಉಪ್ಪನ್ನೂ ಮಂತ್ರಿಸಿ ಒಂದ ಚಿಟಿಕಿ ಹಾಕ್ತೀವಿ. ಹಾಕಲೇಬೇಕಂತೇನಿಲ್ಲ. ಆದ್ರ ಒಂದ ಚಿಟಿಕಿಗೆ ಕಾಳು ಸಾಯೂದಿಲ್ಲಲ್ಲ..."

ನನಗೆ ತಟ್ಟನೆ ನೆನಪಾಯಿತು. ನಮ್ಮಾಕಿ ಚರ್ಚಿನಿಂದ ಮಂತ್ರಿಸಿದ ಉಪ್ಪಿನ ಪೊಟ್ಟಣವನ್ನೂ ತರುತ್ತಾಳೆ. ಮನೆಗೆ ಬಂದು ಬಾಟಲಿಗೆ ತನ್ನ ಕೈಯಿಂದ ಇನ್ನೊಂದು ಹಿಡಿ ಸುರಿಯುತ್ತಾಳೆ. "ಜಾಸ್ತಿ ಇದ್ರ ಜಾಸ್ತಿ ಕೆಲಸಾ ಮಾಡತೈತಿ." ಬರುಬರುತ್ತ ಅದು ತೀರ್ಥವಾಗಿರಲಿಲ್ಲ, ಉಪ್ಪಿನಕಾಯಿ ಹಾಕುವ ನೀರಾಗಿತ್ತು. ಗದಗ ಸೀಮೆಯಲ್ಲಿ ಹುಟ್ಟಿ, ಸವಳು ನೀರಿಗೆ ಬೆಳೆ ಸಾಯುತ್ತದೆಂದು ಹಾಲು ಕುಡಿಯುವಾಗಲೇ ತಿಳಿದವನು ನಾನು. ಆ ಬಾಟಲಿಗೆ ಒಂದು ಸಲವೂ ನಾಲಿಗೆ ಹಚ್ಚಿ ನೋಡಿರಲಿಲ್ಲ.

"ಉಪ್ಪು ಉಪ್ಪಿನ ಕೆಲಸಾ ಮಾಡೇತ್ರಿ" ಎಂದರು ಫಾದರ್. ಈಗ ದನಿಯಲ್ಲಿ ನಗು ಇರಲಿಲ್ಲ. "ಅದಕ್ಕ ಆ ಕೆಲಸಾ ಕೊಟ್ಟಾವ್ರು ಯಾರು? ಇವತ್ತೊಂದು ನಾಳೆ ಒಂದು ಆಗಲಾರದಂಗ, ಎಲ್ಲಾರ ಮನ್ಯಾಗೂ ಉಪ್ಪು ಒಂದs ರೀತಿ ಇರ್ತೈತಲ್ಲ, ಅದನ್ನ ಹುಡುಗಿಗೆ ತೋರಸ್ರಿ. ಅದs ದೇವರು ತಮ್ಮ ಮಾತು ಉಳಿಸ್ಕೊಳ್ಳೋದು. ನೀವು ದೇವರಿಗೆ ಸಹಾಯಾ ಮಾಡಾಕ ಹೋಗೀರಿ. ಅವ್ರು ಕೇಳಿದ್ರೇನ್ರಿ?"

"ಇಲ್ರಿ."

"ಪ್ರಾಯಶ್ಚಿತ್ತ ಏನಂದ್ರ, ಮನಿಗೆ ಹೋಗಿ ಖರೆ ಹೇಳ್ರಿ. ಇವತ್ತs. ಊಟಕ್ಕ ಕುಂಡ್ರೂದ್ರಾಗ."

"ಫಾದರ್, ಐದು ಜಪಸರ ಮಾಡ್ತೇನ್ರಿ..."

"ಅದನ್ನ ದಿನಾ ಮಾಡ್ತೀರಿ. ಇದನ್ನ ಮಾಡ್ರಿ."

"ನಮ್ಮಾಕಿ ಹೆಂಗದಾಳಂತ ನಿಮಗ ಗೊತ್ತಿಲ್ರಿ."

"ಗೊತ್ತೈತಿ" ಎಂದರು ಫಾದರ್. "ಅದಕ್ಕs ಇದು ಪ್ರಾಯಶ್ಚಿತ್ತ."

ಮನೆಗೆ ಬಂದೆ. ತಾಟು ಹಾಕಿದ್ದರು. ನಾನು ನಿಂತೇ ಹೇಳಿದೆ. ಗಂಟು, ಹಿಡಿ, ಕಿಟಕಿ, ಎಲ್ಲ. ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಓಡಿದಳು. ಒಳಗಿಂದ ಪಾತ್ರೆ ಬಿದ್ದ ಸದ್ದು, ಅದರ ಮೇಲೆ ನಗುವಿನ ಸದ್ದು.

ಅಗ್ಗಿಗೆ ದೇವರು ಸೋತನೆಂದು ದುಃಖವಾಗುತ್ತದೆ ಎಂದುಕೊಂಡಿದ್ದೆ. ಆಕೆಗೆ ಸಿಟ್ಟು ಬಂತು. ಕಾಮಣಿ ಇಳಿದ ಮೇಲೆ ಆ ಮುಖದಲ್ಲಿ ಮೊದಲ ಸಲ ಕೆಂಪು ನೋಡಿದೆ.

"ಅಜ್ಜಾ, ಪ್ರಯೋಗ ಕೆಡಿಸಿದೆಲ್ಲೋ! ಈಗ ಮತ್ತ ಮೊದಲಿಂದ ಮಾಡಬೇಕು! ಮಾಸ್ತರಾಗಿ ಕಾಪಿ ಹೊಡಿತಾರೇನು ಯಾರರೆ?"

ನಮ್ಮಾಕಿ ಸಾರಿನ ಪಾತ್ರೆಯ ಮುಂದೆ ಹಾಗೇ ಕೂತಿದ್ದಳು. ಬೈಗುಳಕ್ಕೆ ನಾನು ತಯಾರಾಗಿಯೇ ನಿಂತಿದ್ದೆ, ಬೈಗುಳ ಬರಲಿಲ್ಲ. ಸೌಟು ಕೆಳಗಿಟ್ಟು ಕೇಳಿದಳು.

"ನಾ ಕಪ್ ನಿಮ್ಮ ಕೈಯಾಗs ಕೊಟ್ಟು ಕೇಳಿದ್ನೆಲ್ರಿ. ಹೆಂಗ ಬಂದಾವಂತ."

"ಹೌದು."

"ನನಗ ಕಾಣೂದಿಲ್ಲಂತ ತಿಳಕೊಂಡು ಬದಲಿ ಮಾಡಿದ್ರಿ."

ಇದನ್ನು ನಾನು ಫಾದರಿಗೆ ಹೇಳಿರಲಿಲ್ಲ. ನನಗೇ ಹೊಳೆದಿರಲಿಲ್ಲ. ದೇವರ ಮರ್ಯಾದೆ, ಮೊಮ್ಮಗಳ ನಂಬಿಕೆ ಎಂದು ಏನೇನೋ ಹೆಸರು ಕೊಟ್ಟಿದ್ದೆ. ನಡೆದದ್ದು ಇಷ್ಟು: ಕಣ್ಣು ಕಾಣದ ಹೆಂಡತಿ ನನ್ನ ಕಣ್ಣನ್ನು ಕಡ ಕೇಳಿದಳು, ನಾನು ಅದರಲ್ಲೂ ಮೋಸ ಮಾಡಿದೆ.

ಆ ರಾತ್ರಿ ನನ್ನ ತಾಟಿಗೆ ಬರೀ ಅನ್ನ ಬಿತ್ತು. ಸಾರು ಪಕ್ಕಕ್ಕೂ ಬೀಳಲಿಲ್ಲ.

ಮರುದಿನ ಪೂಜೆ ಮುಗಿದ ಮೇಲೆ ಅಗ್ಗಿ ನೇರ ಫಾದರ್ ಹತ್ತಿರ ಹೋಗಿ, "ಉಪ್ಪಿಲ್ಲದ ತೀರ್ಥ ಬೇಕ್ರಿ" ಎಂದಳು. ಫಾದರ್ ಒಂದು ಬಾಟಲಿ ನಳದ ನೀರು ತರಿಸಿ, ಉಪ್ಪು ಹಾಕದೆ ಮಂತ್ರಿಸಿ ಕೊಟ್ಟರು. ಈ ಸಲ ಮೂರು ಕಪ್. ಒಂದಕ್ಕೆ ಬರೀ ನಳದ ನೀರು. ಒಂದಕ್ಕೆ ನಳದ ನೀರು, ಅಡುಗೆಮನೆಯ ಉಪ್ಪು ಆಯಿಯ ಕೈಅಳತೆಯಲ್ಲಿ. ಮೂರನೆಯದಕ್ಕೆ ಉಪ್ಪಿಲ್ಲದ ತೀರ್ಥ. ಮೂರನ್ನೂ ಕಪಾಟಿನ ಮೇಲಿಟ್ಟು, "ಅಜ್ಜಾ ಈ ಕಡೆ ಬರಂಗಿಲ್ಲ" ಎಂದು ಸೀಮೆಸುಣ್ಣದಿಂದ ನೆಲಕ್ಕೆ ಗೆರೆ ಎಳೆದಳು. ಮಾಸ್ತರನನ್ನು ತರಗತಿಯಿಂದ ಹೊರಗೆ ಹಾಕಿದ ವಿದ್ಯಾರ್ಥಿನಿಯನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಉಸುಳಿಯ ಗಂಟನ್ನು ನಮ್ಮಾಕಿ ತನ್ನ ಹಾಸಿಗೆಯ ಹತ್ತಿರ ಕಟ್ಟಿಕೊಂಡಳು.

ಮಂಗಳವಾರ ಬೆಳಗ್ಗೆ ಅಗ್ಗಿ ಕಪ್‌ಗಳನ್ನು ಇಳಿಸಿದಳು. ಆಯಿಯ ಕೈ ಹಿಡಿದು, ಬೆರಳನ್ನೇ ಒಂದೊಂದು ಕಪ್‌ನೊಳಗೆ ಇಳಿಸಿ ಮುಟ್ಟಿಸಿದಳು. ಯಾರ ಕಣ್ಣನ್ನೂ ನಂಬುವ ಅಗತ್ಯವಿಲ್ಲ. ನಳದ ನೀರಿನಲ್ಲಿ ಬಾಲ ಬಂದಿತ್ತು. ತೀರ್ಥದಲ್ಲೂ ಬಂದಿತ್ತು, ಅಷ್ಟೇ ಉದ್ದ. ಉಪ್ಪಿನದರಲ್ಲಿ ಕಾಳು ಗಟ್ಟಿ.

"ಅಂದ್ರ ತಪ್ಪು ತೀರ್ಥದ್ದಲ್ಲ ಆಯಿ, ಉಪ್ಪಿಂದು."

"ನಾ ಹಾಕಿದ ಉಪ್ಪಿಂದು" ಎಂದಳು ನಮ್ಮಾಕಿ. ಬೆರಳನ್ನು ಸೆರಗಿಗೆ ಒರೆಸಿಕೊಂಡಳು. "ಆದ್ರ ತೀರ್ಥ ಏನೂ ಹೆಚ್ಚಿಗಿ ಮಾಡಲಿಲ್ಲಲ್ಲಬೇ?"

ಅಗ್ಗಿ ನನ್ನ ಕಡೆ ನೋಡಿದಳು. ಗೆರೆಯ ಆಚೆ ನಿಂತ ನಾನು ಬಾಯಿ ತೆರೆಯಲಿಲ್ಲ. ತೆರೆದಾಗಲೆಲ್ಲ ಏನಾಗಿದೆ ಎಂದು ನಿಮಗೂ ಗೊತ್ತು. ಉತ್ತರ ಕೊಟ್ಟವಳು ನಮ್ಮಾಕಿಯೇ.

"ಹೆಂಗ ಮಾಡೀತು? ಕಾಳಿಗೇನು ಅಂಜಿಕಿ ಇರ್ತೈತೇನು? ಅಂಜಿಕಿ ಇರೂದು ನನಗ."

ಇಷ್ಟು ಹೇಳಿ ಉಪ್ಪಿಲ್ಲದ ಬಾಟಲಿ ಎತ್ತಿಕೊಂಡಳು. ಹೆಬ್ಬೆರಳು ಅದ್ದಿ ಹಣೆಯ ಮೇಲೆ ಶಿಲುಬೆ ಬರೆದುಕೊಂಡಳು. ಕಣ್ಣಿನ ತಂಟೆಗೆ ಹೋಗಲಿಲ್ಲ. "ಸುನೀತಾ, ಡಾಕ್ಟರಿಗೆ ಹೇಳವಾ, ಬರ್ತಾಳಂತ. ಕಣ್ಣಿಗೆ ಏನು ಹಾಕ್ಕೋತಿದ್ದೆ ಅನ್ನೂದೂ ಹೇಳಿಬಿಡು. ಈ ಮನ್ಯಾಗ ಸುಳ್ಳ ಹೇಳಾಕ ಒಬ್ಬರು ಸಾಕು."

ಉಪ್ಪು ನಿಂತ ಮೇಲೂ ಕೆಂಪು ಇಳಿಯಲು ಸಮಯ ಬೇಕಾಗಿ ಡಾಕ್ಟರು ಗುರುವಾರದ ಬದಲು ಮುಂದಿನ ವಾರಕ್ಕೆ ಕರೆದರು. ಆಪರೇಷನ್ ಕೋಣೆಯ ಬಾಗಿಲ ತನಕ ನನ್ನ ಕೈ ಹಿಡಿದಿದ್ದಳು. ಅಷ್ಟು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು ಅಲ್ಲೇ ಬಂತು. "ನೀವು ಇಲ್ಲೇ ಕುಂಡ್ರಿ. ಎಲ್ಲೂ ಹೋಗಬ್ಯಾಡ್ರಿ. ಏನೂ ಮುಟ್ಟಬ್ಯಾಡ್ರಿ."

ಕೂತೆ. ಏನೂ ಮುಟ್ಟಲಿಲ್ಲ. ಜಪಸರ ಒಂದನ್ನು ಬಿಟ್ಟು.

ಈಗ ಆಕೆಗೆ ಕಪ್ಪು ಕನ್ನಡಕ. ಬಲಗಣ್ಣು ಛಲೋ ಆಗಿದೆ. ಅಗ್ಗಿ ಶಾಲೆಗೆ ಹೋಗುತ್ತಿದ್ದಾಳೆ. ಈರಣ್ಣನಿಗೆ ನಡೆದದ್ದನ್ನೆಲ್ಲ ಹೇಳಿದೆ. ಪೂರಾ ಕೇಳಿ, ಕ್ಯಾನು ಎತ್ತಿಕೊಂಡು, "ಆತ್ರಿ. ಹಂಗಾರ ಉಪ್ಪಿಲ್ಲದ್ದು ಒಂದ ಕ್ಯಾನ್ ಕೊಡಸ್ರಿ" ಎಂದ. ಮೆಣಸಿನಕಾಯಿಗೇನು ಅಂಜಿಕೆಯೋ ಎಂದೆ. "ಮೆಣಸಿನಕಾಯಿಗಲ್ರಿ. ರೇಟಿನ ಅಂಜಿಕಿ ನನಗೈತಿ" ಎಂದ.

ನಿನ್ನೆ ಮಧ್ಯಾಹ್ನ ನಮ್ಮಾಕಿ ಕಿಟಕಿಯ ಬೆಳಕಿಗೆ ಅಕ್ಕಿಯ ಮೊರ ಹಿಡಿದು ಕೂತಿದ್ದಳು. ಹರಳು ಆರಿಸಿ ಆರಿಸಿ ಎಸೆಯುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಗೂಟದ ಗಂಟಿನತ್ತ ಕೈ ಎತ್ತಿದ್ದಷ್ಟೇ. ಆಣೆ ಮಾಡಿ ಹೇಳುತ್ತೇನೆ, ತಿನ್ನಲು ಮಾತ್ರ.

"ಇಲ್ಲಿಂದs ಕಾಣ್ತೈತ್ರಿ" ಎಂಬ ದನಿ ಬಂತು.

ಕೈ ಇಳಿಸಿದೆ. ದೇವರು ಎಲ್ಲವನ್ನೂ ನೋಡುತ್ತಿದ್ದಾನೆ ಎಂದು ಚಿಕ್ಕಂದಿನಿಂದ ಕಲಿತಿದ್ದೂ ಆ ಕಾಳು ಬದಲಿಸಿದವನು ನಾನು. ಈಗ ಹೆಂಡತಿಗೂ ಕಾಣಿಸುತ್ತಿದೆ ಎಂದೊಡನೆ ಕೈ ತಾನಾಗಿಯೇ ಕೆಳಗಿಳಿಯಿತಲ್ಲ, ಈ ಪಾಪವನ್ನು ಬರುವ ಶನಿವಾರ ಫಾದರಿಗೆ ಹೇಗೆ ಹೇಳಲಿ?